ಸಂಗೀತ ವೇದಿಕೆ ಮತ್ತು ಸಭಾಕಂಪ

ಧನುರ್ಮಾಸ ಬಂದಿತೆಂದರೆ ಮೈಲಾಪೂರು ಸಂಗೀತಮಯವಾಗುತ್ತದೆ. ಮೈಸೂರು ವಾಸುದೇವಾಚಾರ್ಯರಿಗೆ, ಟಿ. ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತ ಮ್ಯೂಸಿಕ್ ಅಕಾಡೆಮಿಯೂ ಸನಿಹದಲ್ಲೇ ಇದೆ. ತಲೆದೂಗುವಷ್ಟೇ ಸಲೀಸಾಗಿ ತಪ್ಪನ್ನೂ ಗುರುತಿಸಬಲ್ಲ ಕೇಳುಗರ ಊರಿದು. ಇಂಥಲ್ಲಿ ಕನ್ನಡದ ಮನೆಯ ಮಗುವೊಂದು ಮೊದಲ ಸಲ ವೇದಿಕೆಯೇರಿದಾಗ, ಮನೆಯಲ್ಲಿ ನಿರಾಯಾಸವಾಗಿ ಹಾಡಿದ ವರ್ಣವು ಗಂಟಲಲ್ಲೇ ಉಡುಗುವುದುಂಟು. ಇದನ್ನು ಪ್ರತಿಭೆಯ ಕೊರತೆಯೆಂದು ಬಗೆದು ಪಾಠವನ್ನೇ ನಿಲ್ಲಿಸಿಬಿಡುವುದು ವಿಷಾದದ ಸಂಗತಿ.

ಸಭಾಕಂಪವು ರೋಗವಲ್ಲ, ದೇಹದ ರಕ್ಷಣಾಕ್ರಮ. ಅಪಾಯವೆಂದು ಮನಸ್ಸು ಭಾವಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಸಂಕುಚಿಸಿ ಬೆರಳುಗಳು ತಣ್ಣಗಾಗುತ್ತವೆ, ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ. ಓಡಲು ಅಥವಾ ಹೋರಾಡಲು ನೆರವಾಗುವ ಈ ಸಿದ್ಧತೆಯೇ ವೀಣೆಯ ಗಮಕಕ್ಕೂ ಗಾಯಕನ ದೀರ್ಘಸ್ವರಕ್ಕೂ ಅಡ್ಡಿಯಾಗುತ್ತದೆ. ಜಗತ್ಪ್ರಸಿದ್ಧ ಚೆಲ್ಲೋ ವಾದಕ ಪಾಬ್ಲೊ ಕಸಾಲ್ಸರನ್ನೂ ಈ ಅಳುಕು ಜೀವನವಿಡೀ ಕಾಡಿತು. ಆದರೂ ಅವರು ವೇದಿಕೆಯನ್ನು ತೊರೆಯಲಿಲ್ಲ.

ಪರಿಹಾರದಲ್ಲಿ ಮೊದಲನೆಯದು ಅಭ್ಯಾಸಕ್ರಮ. ಏಕಾಂತದ ಸಾಧನೆಯೊಂದೇ ಸಾಲದು. ನವರಾತ್ರಿಯಲ್ಲಿ ಬೊಂಬೆ ಕೂರಿಸಿದ ನಾಲ್ಕು ಮನೆಗಳಲ್ಲಿ ಹಾಡಿದ ಮಗುವಿಗೆ ನಲವತ್ತು ಮಂದಿಯ ಸಭೆ ಅಷ್ಟು ಹೊಸದೆನಿಸದು. ತಪ್ಪಿದರೂ ತಾಳ ಬಿಡದೆ ಮುಂದುವರಿಯುವುದನ್ನೂ ಮನೆಯಲ್ಲಿಯೇ ಕಲಿಸಬೇಕು.

ಎರಡನೆಯದು ಉಸಿರು. ವೇದಿಕೆಗೆ ಹೋಗುವ ಮುನ್ನ ಕೆಲವು ನಿಮಿಷ, ಒಳಗೆಳೆದುಕೊಂಡುದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ. ಒಣಬಾಯಿಗೆ ಬೆಚ್ಚಗಿನ ನೀರು ಹಿತಕರ. ಕಾಫಿಯ ಮೇಲೆ ಕಾಫಿ ಕುಡಿಯುವುದು ನಡುಕವನ್ನು ಹೆಚ್ಚಿಸೀತು.

ಮೂರನೆಯದು ಮನೋಭಾವ. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ ಮುನ್ನ ‘ಉತ್ಸಾಹವಾಗಿದೆ’ ಎಂದು ಹೇಳಿಕೊಂಡವರು ‘ಅಳುಕಾಗಿದೆ’ ಎಂದವರಿಗಿಂತ ಚೆನ್ನಾಗಿ ಹಾಡಿದರು. ಎದೆಬಡಿತವನ್ನು ಶತ್ರುವೆಂದು ತಿಳಿಯದೆ ಶಕ್ತಿಯೆಂದು ತಿಳಿಯುವುದೇ ಲೇಸು.

ನಮ್ಮ ಕಚೇರಿ ಪದ್ಧತಿಯಲ್ಲಿಯೂ ಒಂದು ಮದ್ದು ಅಡಗಿದೆ. ಚೆನ್ನಾಗಿ ಪಳಗಿದ ವರ್ಣದಿಂದ ಆರಂಭಿಸಿದರೆ ಕಂಠವೂ ಬೆರಳೂ ಹದಗೊಳ್ಳುವಷ್ಟರಲ್ಲಿ ಮೊದಲ ನಡುಕ ತಾನಾಗಿ ಇಳಿದಿರುತ್ತದೆ.

ಪ್ರೊಪ್ರನಲಾಲ್ ಮುಂತಾದ ಮಾತ್ರೆಗಳು ಕೈನಡುಕವನ್ನು ತಡೆಯುವುದು ನಿಜ. ಆದರೆ ಅವು ಆಸ್ತಮಾ ಉಳ್ಳವರಿಗೆ ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ಯಾರೂ ಸೇವಿಸಕೂಡದು. ಅಳುಕು ಅತಿಯಾಗಿ ನಿದ್ರೆ, ಊಟಗಳನ್ನೇ ಕೆಡಿಸಿದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಕಾಗಿಲ್ಲ.

ಕಡೆಯದಾಗಿ ಹೆತ್ತವರಿಗೊಂದು ಮಾತು: ಕಚೇರಿ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ತಪ್ಪುಗಳ ಪಟ್ಟಿ ಬೇಡ. ಅದನ್ನು ಗುರುಗಳು ಮುಂದಿನ ಪಾಠದಲ್ಲಿ ತಿದ್ದುತ್ತಾರೆ. ಅಂದು ಮಗುವಿಗೆ ಬೇಕಾದುದು ಮತ್ತೊಮ್ಮೆ ವೇದಿಕೆಯೇರುವ ಧೈರ್ಯ.