ಶಬ್ದವೇಗವನ್ನು ಮೀರುವ ವಿಮಾನ: ಒಡಲು ಮತ್ತು ಎಂಜಿನ್

ಶಬ್ದದ ವೇಗವನ್ನು ಮೀರಿದ ವೇಗಕ್ಕೆ ‘ಶಬ್ದಾತೀತ’ವೆಂದು ಹೆಸರು. ಇದನ್ನು ‘ಶ್ರವಣಾತೀತ’ವೆಂಬ ಪದದೊಡನೆ ಬೆರೆಸಲಾಗದು, ಅದು ಕಿವಿಗೆ ನಿಲುಕದ ಹೆಚ್ಚಿನ ಕಂಪನದ ಧ್ವನಿಯನ್ನು ಕುರಿತದ್ದು. ನೆಲಮಟ್ಟದ ಗಾಳಿಯಲ್ಲಿ ಶಬ್ದವು ಗಂಟೆಗೆ ಸುಮಾರು 1,225 ಕಿ.ಮೀ. ಸಾಗುತ್ತದೆ. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ ಕಾಂಕಾರ್ಡ್ ವಿಮಾನವು ಎತ್ತರದಲ್ಲಿ ಗಂಟೆಗೆ 2,000 ಕಿ.ಮೀ.ಗೂ ಮಿಕ್ಕ ವೇಗದಿಂದ ಹಾರುತ್ತಿತ್ತು. ಆ ವೇಗಕ್ಕೆ ಹಾನಗಲ್ಲಿನಿಂದ ಬೆಂಗಳೂರಿನಷ್ಟು ದೂರವು ಹತ್ತು ಹನ್ನೆರಡು ನಿಮಿಷಗಳ ಹಾದಿ.

ಚೂಪಾದ ಮೂತಿ, ಹಿಂಬಾಗಿದ ತೆಳುರೆಕ್ಕೆಗಳಿದ್ದರೆ ಇಂಥ ವೇಗವು ಸಾಧ್ಯವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಅಷ್ಟೇ ಸಾಲದು. ವಿಮಾನವು ಶಬ್ದವೇಗವನ್ನು ಸಮೀಪಿಸಿದಂತೆ ಮುಂದಣ ಗಾಳಿಗೆ ಸರಿದು ದಾರಿಬಿಡಲು ಅವಕಾಶವಾಗದೆ ಅದು ಒತ್ತೊತ್ತಾಗಿ ಆಘಾತತರಂಗಗಳೇಳುತ್ತವೆ. ಹಾರಾಟಕ್ಕೆ ತಡೆಯು ಒಮ್ಮೆಗೇ ಹೆಚ್ಚುತ್ತದೆ. ಅದನ್ನು ಗೆಲ್ಲುವ ನೂಕುಬಲವನ್ನು ಎಂಜಿನ್ನೇ ಒದಗಿಸಬೇಕು.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1956ರಲ್ಲಿ ಜರ್ಮನಿಯ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಅವರೂ ಭಾರತೀಯ ಎಂಜಿನಿಯರರೂ ಕೂಡಿ ನಿರ್ಮಿಸಿದ ಯುದ್ಧವಿಮಾನವು 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಮೊದಲು ಹಾರಿತು. ಅದಕ್ಕೆ ಗಾಳಿಯ ದೇವಗಣದ ‘ಮರುತ್’ ಎಂಬ ಹೆಸರು. ಒಡಲು ಶಬ್ದಾತೀತ ವೇಗಕ್ಕೆ ತಕ್ಕುದಾಗಿಯೇ ಇದ್ದಿತು. ಆದರೆ ಅದಕ್ಕೆಂದು ನಂಬಿದ್ದ ಬ್ರಿಟನ್ನಿನ ‘ಆರ್ಫಿಯಸ್ 12’ ಎಂಜಿನ್ನಿನ ಅಭಿವೃದ್ಧಿಯು ಹಣವಿಲ್ಲದೆ ನಿಂತಿತು. ಕಡಿಮೆ ಬಲದ ‘ಆರ್ಫಿಯಸ್ 703’ ಎಂಜಿನ್ನುಗಳೆರಡನ್ನು ಹೂಡಿದುದರಿಂದ ಮರುತ್ ಸಮತಲ ಹಾರಾಟದಲ್ಲಿ ಶಬ್ದವೇಗವನ್ನು ದಾಟಲಿಲ್ಲ. ಹೆಚ್ಚಿನ ಬಲದ ಮಾದರಿಯೊಂದನ್ನು ಪರೀಕ್ಷಿಸುವಾಗ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ಪ್ರಾಣವನ್ನೇ ತೆತ್ತರು. ಆದರೂ 1971ರ ಯುದ್ಧದಲ್ಲಿ ಮರುತ್ ಸಮರ್ಥವಾಗಿ ದುಡಿಯಿತು.

ಬೆಂಗಳೂರಿನಲ್ಲಿಯೇ ಇರುವ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯು ‘ತೇಜಸ್’ ವಿಮಾನಕ್ಕಾಗಿ ‘ಕಾವೇರಿ’ ಎಂಜಿನ್ನನ್ನು ಕೈಗೆತ್ತಿಕೊಂಡಿತು. ಅದು ಬೇಕಾದ ಬಲವನ್ನು ಮುಟ್ಟದಿರಲು 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್ ಅಮೆರಿಕದ ಎಂಜಿನ್ನಿನಿಂದ ಹಾರುತ್ತಿದೆ.

ಪ್ರಯಾಣಿಕ ವಿಮಾನಗಳ ಹೊಸ ಪೀಳಿಗೆಗೂ ಇದೇ ಪರೀಕ್ಷೆ. ಅಮೆರಿಕದ ‘ಬೂಮ್’ ಸಂಸ್ಥೆಯಿಂದ 2022ರಲ್ಲಿ ರೋಲ್ಸ್ ರಾಯ್ಸ್ ಹಿಂದೆ ಸರಿಯಿತು. ಆಗ ಬೂಮ್ ‘ಸಿಂಫನಿ’ ಎಂಬ ಹೊಸ ಎಂಜಿನ್ನಿನ ರಚನೆಗೆ ತೊಡಗಿತು. ಅದರ ಕಿರುಮಾದರಿ ವಿಮಾನವು 2025ರ ಜನವರಿ 28ರಂದು ಶಬ್ದವೇಗವನ್ನು ದಾಟಿದ್ದು ಹಳೆಯ ಎಂಜಿನ್ನುಗಳ ಬಲದಿಂದಲೇ.

ಎಂಜಿನ್ ಏಕೆ ಇಷ್ಟು ದುಸ್ಸಾಧ್ಯ? ಟರ್ಬೈನಿನ ಅಲಗುಗಳಿಗೆ ತಗಲುವ ಅನಿಲವು ಆ ಲೋಹದ ಕರಗುವ ಬಿಂದುವಿಗಿಂತಲೂ ಬಿಸಿಯಾಗಿರುತ್ತದೆ. ಅಲಗಿನೊಳಗೆ ಸೂಕ್ಷ್ಮ ನಾಳಗಳನ್ನು ಕೊರೆದು, ತಂಪುಗಾಳಿಯನ್ನು ಹರಿಸಿ ಅದನ್ನು ಉಳಿಸಬೇಕು. ಲೋಹವಿದ್ಯೆ, ಎರಕ, ಅಳತೆಗಳಲ್ಲಿ ತಲೆಮಾರುಗಳ ಸಾಧನೆಯಿಲ್ಲದೆ ಇದು ಕೈಗೂಡದು. ಹಣವಿತ್ತು ಕೊಳ್ಳಲೂ ಸುಲಭವಾಗಿ ದೊರೆಯದು.

ವಿಮಾನ ಹಾರಿಸುವ ಕನಸು ಮಕ್ಕಳಿಗೆ ಸಹಜ. ಅದರೊಡನೆ ಲೋಹವನ್ನು ಅರಿಯುವ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ತಾಳ್ಮೆಯನ್ನು ನಾವು ಕಲಿಸಬೇಕು. ಶಾಲೆಯ ಪ್ರಯೋಗಾಲಯಕ್ಕೆ ಸಲ್ಲುವ ದಾನದ ಸಾರ್ಥಕತೆಯೂ ಇದರಲ್ಲಿದೆ.