ಹುಲ್ಲು, ಕ್ಲೋವರ್ ಮತ್ತು ಯೂರಿಯಾ

ದನಗಳ ಮೇವಿಗಾಗಿ ಗಿನಿ ಹುಲ್ಲಿನೊಂದಿಗೆ ಸ್ಟೈಲೊ ಬೆಳೆಸಿರುವ ಕೆಲವು ಸದಸ್ಯರು, ಈ ಮಿಶ್ರ ಮೇವಿಗೆ ಯೂರಿಯಾ ಎಷ್ಟು ಹಾಕಬೇಕೆಂದು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಾರೆ. ಉತ್ತರಕ್ಕೆ ಮೊದಲು ಇಂಗ್ಲೆಂಡಿನ ಒಂದು ಹುಲ್ಲುಗಾವಲಿನ ಸಂಗತಿಯನ್ನು ನಾವು ತಿಳಿಯುವುದು ಒಳ್ಳೆಯದು.

ರಾಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1856ರಲ್ಲಿ ಹಳೆಯ ಹುಲ್ಲುಗಾವಲೊಂದನ್ನು ತಾಕುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಕೊಡತೊಡಗಿದರು. ಆ ಪ್ರಯೋಗ ಇಂದಿಗೂ ನಡೆದಿದೆ. ಅವರು ನೋಡಹೊರಟದ್ದು ಒಣಹುಲ್ಲಿನ ಇಳುವರಿಯನ್ನು. ಕಣ್ಣಿಗೆ ಬಿದ್ದದ್ದು ಇನ್ನೊಂದು. ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಇತ್ಯಾದಿ ಪಡೆದ ತಾಕುಗಳಲ್ಲಿ ಕೆಂಪು ಕ್ಲೋವರ್ ಮುಂತಾದ ದ್ವಿದಳ ಗಿಡಗಳು ಹುಲುಸಾಗಿ ಹಬ್ಬಿದವು. ಸಾರಜನಕ ಬಿದ್ದ ಕಡೆ ಹುಲ್ಲು ಎತ್ತರಕ್ಕೆ ಬೆಳೆದು ಕ್ಲೋವರ್ ಹಿಂದೆ ಬಿತ್ತು. ಹೆಕ್ಟೇರಿಗೆ 144 ಕಿಲೋ ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ ವರ್ಷ ವರ್ಷವೂ ಪಡೆದು ಸುಣ್ಣ ಕಾಣದ ಮಣ್ಣು ತೀರಾ ಹುಳಿಯಾಗಿ, ಬೆರಳೆಣಿಕೆಯ ಜಾತಿಗಳಷ್ಟೇ ಉಳಿದವು. (ಕ್ಲೋವರ್ ತಂಪು ದೇಶದ ಮೇವು, ನಮ್ಮ ಮೆಂತೆಯ ನೆಂಟ.)

ಕಾರಣ ಸರಳ. ದ್ವಿದಳ ಗಿಡದ ಬೇರುಗಂಟಿನಲ್ಲಿರುವ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಪ್ರತಿಯಾಗಿ ಗಿಡ ಅದಕ್ಕೆ ಸಕ್ಕರೆ ಉಣಿಸಬೇಕು. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಈ ಖರ್ಚನ್ನು ಮಾಡುವುದಿಲ್ಲ, ಗಂಟುಗಳು ಕಡಿಮೆಯಾಗುತ್ತವೆ. ಹಾಲು ಪುಕ್ಕಟೆ ಬರುವಾಗ ಹಸು ಸಾಕುವವರು ಯಾರು? ಸಾಲದ್ದಕ್ಕೆ ಸೊಕ್ಕಿದ ಹುಲ್ಲು ಬಿಸಿಲನ್ನೂ ಮುಚ್ಚುತ್ತದೆ.

ಲೆಕ್ಕ ನೋಡೋಣ. ಕ್ಲೋವರ್ ಚೆನ್ನಾಗಿರುವ ಗಾವಲಿನಲ್ಲಿ ವರ್ಷಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಗಾಳಿಯಿಂದ ಬರುವುದು ಸಾಮಾನ್ಯ. 45 ಕಿಲೋ ಯೂರಿಯಾ ಚೀಲದಲ್ಲಿರುವುದು 21 ಕಿಲೋಗಿಂತ ಕಡಿಮೆ. ಅಂದರೆ ಸುಮಾರು ಐದು ಚೀಲ ಬಿಟ್ಟಿಯಾಗಿ ಬರುವುದನ್ನು ನಿಲ್ಲಿಸಲು ನಾವೇ ಹಣ ಕೊಟ್ಟು ಚೀಲ ತಂದ ಹಾಗಾಗುತ್ತದೆ. ಸ್ಟೈಲೊ ಎಷ್ಟು ಹಿಡಿಯುತ್ತದೆ ಎಂಬುದು ಬೇರೆ ಮಾತು. ಅದರ ಬೇರುಗಂಟಿನ ನಡೆಯಂತೂ ಇದೇ.

ಬರಿಯ ಹುಲ್ಲಿನ ತಾಕಾದರೆ ಯೂರಿಯಾ ಬೇಕೇ ಬೇಕು. ಹಸಿರು ಮೇವಿನ ತೂಕ ಅದರಿಂದಲೇ. ಮಿಶ್ರ ಮೇವಿನಲ್ಲಿ ಸ್ಟೈಲೊ ಉಳಿಯಬೇಕೆನ್ನುವವರು ಯೂರಿಯಾ ಕೈಬಿಟ್ಟು, ಇಲ್ಲವೇ ತೀರಾ ಕಡಿಮೆ ಮಾಡಿ, ಆ ದುಡ್ಡನ್ನು ಶಿಲಾರಂಜಕಕ್ಕೆ ಹಾಕುವುದು ಲೇಸೆಂದು ನಮ್ಮ ಅಭಿಪ್ರಾಯ. ಮಲೆನಾಡಿನ ಮಳೆಗೆ ಮಣ್ಣು ಮೊದಲೇ ಹುಳಿ. ಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಸುಣ್ಣ ಕೊಡಬೇಕು. ಹುಲ್ಲು ಸ್ಟೈಲೊವನ್ನು ಮುಚ್ಚುವ ಮೊದಲೇ ಕೊಯ್ಯಬೇಕು. ಗೋಬರ್ ಗ್ಯಾಸಿನ ಬಗ್ಗಡದಲ್ಲೂ ಸಾರಜನಕವಿದೆ. ಅದನ್ನು ಹುಲ್ಲಿನ ಸಾಲಿಗೆ ಮಾತ್ರ ಬಿಡಿ.