ಮೂಲಪುಟವೂ ಅದರ ನಕಲೂ

ಗಣಕಯಂತ್ರದ ಸ್ಮೃತಿಯು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಭಾಗಗೊಂಡಿರುತ್ತದೆ. ಓದಲು ಮಾತ್ರ ಅನುಮತಿಯುಳ್ಳ ಕಡತದ ಪುಟವನ್ನು ತನ್ನ ಖಾಸಗಿ ಬಳಕೆಗೆ ಪಡೆದ ಪ್ರೋಗ್ರಾಮು ಅದರ ಮೇಲೆ ಬರೆಯಹೊರಟರೆ, ಯಂತ್ರವನ್ನಾಳುವ ಕರ್ನೆಲ್ ಅದಕ್ಕೊಂದು ನಕಲನ್ನು ಮಾಡಿಕೊಡುತ್ತದೆ. ನೋಂದಣಿ ಕಚೇರಿಯಲ್ಲಿ ಮೂಲಪತ್ರವನ್ನು ಮುಟ್ಟಗೊಡದೆ ನಕಲನ್ನಷ್ಟೇ ಕೊಡುವಂತೆ.

ಲಿನಕ್ಸ್ ಕರ್ನೆಲ್‌ನ ಈ ಏರ್ಪಾಟಿನಲ್ಲಿ 2007ರಿಂದ 2016ರವರೆಗೆ ಬಿರುಕೊಂದು ಅಡಗಿದ್ದಿತು. ನಕಲು ಸಿದ್ಧವಾದೊಡನೆ ಕರ್ನೆಲ್ ‘ಬರೆಯಲು ಬೇಕು’ ಎಂಬ ಗುರುತನ್ನು ಅಳಿಸಿ, ಪುಟವನ್ನು ಮತ್ತೊಮ್ಮೆ ಹುಡುಕುತ್ತಿದ್ದಿತು. ಈ ಎರಡು ಹೆಜ್ಜೆಗಳ ನಡುವೆ ಪುಟಪಟ್ಟಿಯ ಬೀಗ ತೆರೆದಿರುತ್ತಿದ್ದಿತು. ಸರಿಯಾಗಿ ಆ ಕ್ಷಣದಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆಯು ‘ನಕಲು ಬೇಡ’ ಎಂದು ಅದನ್ನು ತ್ಯಜಿಸಿದರೆ? ಹುಡುಕುವ ಕರ್ನೆಲಿಗೆ ಸಿಗುವುದು ಮೂಲಪುಟ. ಗುರುತು ಅಳಿಸಿಹೋಗಿರುವುದರಿಂದ ಓದುವುದಕ್ಕೆಂದೇ ಭಾವಿಸಿ ಅದನ್ನು ಒಪ್ಪಿಸುತ್ತಿದ್ದಿತು. ಬರಹ ಮೂಲದ ಮೇಲೆಯೇ ಬೀಳುತ್ತಿದ್ದಿತು! ಸಾವಿರ ಸಲ ತಪ್ಪಿದರೂ ಯಂತ್ರಕ್ಕೆ ಬೇಸರವೆಲ್ಲಿ? ಹೀಗೆ ಸಾಮಾನ್ಯ ಬಳಕೆದಾರನೊಬ್ಬನು ಯಂತ್ರದ ಸರ್ವಾಧಿಕಾರವನ್ನೇ ಪಡೆಯಬಹುದಾಗಿದ್ದಿತು.

‘ಡರ್ಟಿ ಕೌ’ ಎಂದು ಹೆಸರಾದ ಈ ದೋಷವನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿಯೇ ತಿದ್ದಲೆತ್ನಿಸಿದ್ದರು. ಬೇರೊಂದು ತೊಡಕಿನಿಂದ ಆ ತಿದ್ದುಪಡಿ ಹಿಂದೆ ಸರಿಯಿತು. 2016ರ ಅಕ್ಟೋಬರಿನ ಪರಿಹಾರ ಹೊಸ ಬೀಗವಲ್ಲ. ಹಳೆಯ ಗುರುತನ್ನು ಅಳಿಸದೆ ಉಳಿಸಿ, ‘ನಕಲಾಗಿದೆ’ ಎಂಬ ಇನ್ನೊಂದು ಗುರುತನ್ನು ಸೇರಿಸಿದರು. ಕೈಗೆ ಬಂದದ್ದು ನಕಲೇ ಹೌದೆಂದು ನೋಡಿದ ಮೇಲೆಯೇ ಕರ್ನೆಲ್ ಈಗ ಬರೆಯಗೊಡುತ್ತದೆ.